ಮೂರು ಗಂಟೆ ಹೊತ್ತಿನ ಒಡತಿ

ಗಾರ್ಡಕ್ಕ ಇಪ್ಪತ್ತೆರಡು ವರ್ಷಗಳಿಂದ ಒಂದೇ ಗಾಡಿಯ ಕೊನೆಯ ಬೋಗಿಯಲ್ಲಿ ನಿಂತು ಹಸಿರು ಬಾವುಟ ಬೀಸುತ್ತಾ ಬಂದವಳು. ಮೊದಲ ಹದಿನೇಳು ವರ್ಷ ಆ ಗಾಡಿ ಸರ್ಕಾರದ್ದಾಗಿತ್ತು. ಆಮೇಲೆ ಐದು ವರ್ಷ ಕಂಪನಿಯದಾಯಿತು. ಹಳಿ, ಸಿಗ್ನಲ್ಲು, ಸ್ಟೇಷನ್ ಮಾಸ್ಟರುಗಳು ಮಾತ್ರ ಮೊದಲಿನಿಂದಲೂ ಸರ್ಕಾರದವೇ. ಸರ್ಕಾರದ ಕಾಲದಲ್ಲಿ ಎರಡನೇ ಬೋಗಿಯ ಕಿಟಕಿಗಳನ್ನು ತೆಗೆದರೆ ಮುಚ್ಚಲು ಬರುತ್ತಿರಲಿಲ್ಲ. ಕಂಪನಿ ಬಂದ ಮೇಲೆ ಅವನ್ನು ತೆಗೆಯಲೇ ಬಾರದಂತೆ ಮಾಡಿದರು. ಸರ್ಕಾರದ ಗಾಡಿ ಒಂದು ಗಂಟೆ ತಡವಾದರೆ ಜನ ಅದನ್ನು ಸರಿಯಾದ ಹೊತ್ತು ಎನ್ನುತ್ತಿದ್ದರು. ಕಂಪನಿಯ ಗಾಡಿ ಐದು ನಿಮಿಷ ತಡವಾದರೆ ಕ್ಷಮೆ ಕೇಳುವ ಧ್ವನಿಯೊಂದು ಮೇಲಿಂದ ಬರುತ್ತಿತ್ತು, ಆದರೆ ಕ್ಷಮೆ ಕೇಳಿದ ಮಾತ್ರಕ್ಕೆ ಗಾಡಿಯೇನೂ ಜೋರಾಗಿ ಓಡುತ್ತಿರಲಿಲ್ಲ. ಎರಡನ್ನೂ ಕಂಡಿದ್ದ ಗಾರ್ಡಕ್ಕ ಯಾರ ಪರವಾಗಿಯೂ ಮಾತಾಡಲು ಹೋಗುತ್ತಿರಲಿಲ್ಲ.

ಆ ಕೆಲಸಕ್ಕೆ ಮನೆಯಲ್ಲೇ ಇಬ್ಬರಿದ್ದರು. ಅವಳ ಅತ್ತೆ ನಲವತ್ತು ವರ್ಷ ಸರ್ಕಾರಿ ರೈಲ್ವೆಯ ಟಿಕೆಟ್ ಕಿಟಕಿಯ ಹಿಂದೆ ಕೂತು ನಿವೃತ್ತಿಯಾದವಳು. ಗಂಡ ಕೊನೆಯ ಸ್ಟೇಷನ್ನಿನಲ್ಲಿ ಬೋಗಿ ತೊಳೆಸುವ ಮೇಸ್ತ್ರಿ. ಪೈಪಿನ ನೀರಿಗೆ ರಭಸ ಅನ್ನುವುದು ಬಂದದ್ದೇ ಕಂಪನಿ ಬಂದ ಮೇಲೆ ಎಂದು ಅವನ ವಾದ. ದಿನಾ ಬೆಳಗ್ಗೆ ತಾಯಿ ಮಗ ಇಬ್ಬರೂ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ರೈಲನ್ನು ಅತ್ತಿಂದಿತ್ತ ಎಳೆದಾಡುವರು.

ಅತ್ತೆಯ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಅವಳು ಕೆಲಸ ಮಾಡಿದ್ದ ಪುಟ್ಟ ನಿಲ್ದಾಣ ಮನೆಯ ಎದುರಿಗೇ ಇತ್ತು. ದಿನಕ್ಕೆ ಏಳೆಂಟು ಜನ ಹತ್ತಿ ಇಳಿಯುವ ಕಡೆ ಬ್ರೇಕು ಸವೆಸುವುದು ಯಾಕೆಂದು ಕಂಪನಿ ಮೊದಲ ವಾರವೇ ಅಲ್ಲಿ ಗಾಡಿ ನಿಲ್ಲಿಸುವುದನ್ನು ಬಿಟ್ಟಿತು. ಅಂದಿನಿಂದ ಗಾರ್ಡಕ್ಕ ದಿನಕ್ಕೆ ನಾಲ್ಕು ಸಲ ತನ್ನ ಮನೆಯ ಬಾಗಿಲ ಮುಂದೆಯೇ ಹಾದುಹೋಗಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಸೈಕಲ್ ತುಳಿದುಕೊಂಡು ವಾಪಸ್ ಬರಬೇಕಾಯಿತು. ಅತ್ತೆ ಮೊಬೈಲ್ ಮುಟ್ಟುವವಳಲ್ಲ, ಅದೂ ಯಾವುದೋ ಕಂಪನಿಯದೇ ಎಂದು. ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು, ಗಾಡಿ ಹಾಯುವಾಗ ಬಟ್ಟೆ ಒಣಗಿಸುವ ಹಗ್ಗದ ಪಕ್ಕ ನಿಂತು ಎತ್ತಿ ಹಿಡಿಯುವಳು. ಗಾಡಿಯ ವೇಗದಲ್ಲಿ ಓದಲು ಸಿಗುವುದು ಒಂದೇ ಪದ. ‘ಸಾಬೂನು’ ಎಂದಿದ್ದರೆ ಸೊಸೆ ಸಾಬೂನು ತರುವಳು. ಒಮ್ಮೆ ‘ಬಿದ್ದೆ’ ಎಂದು ಓದಿ ಗಾರ್ಡಕ್ಕನ ಜೀವ ಬಾಯಿಗೆ ಬಂದಿತ್ತು. ಸೈಕಲ್ ಎಸೆದು ಒಳಗೆ ಓಡಿ ನೋಡಿದರೆ ಅತ್ತೆ ಬಿದ್ದದ್ದು ಇಸ್ಪೀಟ್ ಆಟದಲ್ಲಿ, ಪಕ್ಕದ ಮನೆಯವಳ ಎದುರು.

ಐದು ವರ್ಷ ತುಂಬುವ ಮೊದಲೇ ಕಂಪನಿಗೆ ಗಾಡಿ ಓಡಿಸುವುದು ಸಾಕಾಯಿತು, ಸರ್ಕಾರಕ್ಕೆ ಮತ್ತೆ ಓಡಿಸುವ ಆಸೆ ಬಂತು. ಹಸ್ತಾಂತರದ ದಿನ ಗೊತ್ತಾಯಿತು. ಕೊನೆಯ ಸ್ಟೇಷನ್ನಿನಲ್ಲಿ ಮೂರು ಗಂಟೆಗೆ ಮಂತ್ರಿಗಳು ಬಾವುಟ ತೋರಿಸುವ ಕಾರ್ಯಕ್ರಮ. ಉಳಿದ ಗಾಡಿಗಳನ್ನೆಲ್ಲ ಬಣ್ಣ ಬಳಿಯಲು ಕಳಿಸಿಬಿಟ್ಟಿದ್ದರಿಂದ ಆ ದಿನ ಹಳಿಯ ಮೇಲೆ ಇದ್ದದ್ದು ಗಾರ್ಡಕ್ಕನ ಗಾಡಿ ಒಂದೇ.

ಹನ್ನೊಂದೂವರೆಗೆ ಗಾಡಿ ಹೊರಟಿತು. ಅರವತ್ತು ಜನ ಪ್ರಯಾಣಿಕರು. ಮೂರನೇ ಬೋಗಿಯ ತುಂಬ ಮಂತ್ರಿಗಳ ಮುಂದೆ ಬಾರಿಸಲು ಹೊರಟ ಬ್ಯಾಂಡಿನವರು, ಅವರ ತೊಡೆಯ ಮೇಲೆ ಹಿತ್ತಾಳೆಯ ತುತ್ತೂರಿಗಳು. ಒಂದನೇ ಬೋಗಿಯಲ್ಲಿ ಎರಡು ಗಂಟೆಗೆ ಡ್ಯೂಟಿಗೆ ಹೋಗಬೇಕಾದ ನರ್ಸ್ ಒಬ್ಬಳು ಗಡಿಯಾರ ನೋಡುತ್ತಾ ಕೂತಿದ್ದಳು. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಗಾಡಿ ನಡುದಾರಿಯ ಸ್ಟೇಷನ್ ಮುಟ್ಟಿತು. ಪ್ಲಾಟ್‌ಫಾರಂ ಮೇಲೆ ಕಂಪನಿಯವನೊಬ್ಬ ಗೋಣಿಚೀಲ ಹಿಡಿದು ನಿಂತಿದ್ದ.

“ಕೋಟು ಕೊಡಿ ಮೇಡಂ. ಟಿಕೆಟ್ ಮಿಷನ್ನೂ ಕೊಡಿ. ಹನ್ನೆರಡರಿಂದ ನಮಗೂ ಈ ಗಾಡಿಗೂ ಸಂಬಂಧ ಇಲ್ಲ,” ಎಂದ ಅವನು.

ಗಾರ್ಡಕ್ಕ ನಿಂಬೆಹಣ್ಣಿನ ಬಣ್ಣದ ಕೋಟು ಬಿಚ್ಚಿಕೊಟ್ಟಳು. ಒಳಗೆ ಇದ್ದದ್ದು ಅತ್ತೆ ಹೆಣೆದ, ಒಂದು ತೋಳು ತುಸು ಉದ್ದವಾದ ಕೆಂಪು ಸ್ವೆಟರು. ಡ್ರೈವರನೂ ಕೋಟು ಬಿಚ್ಚಿದ. ಅವನಿಗೆ ಎಲ್ಲರೂ ಕೂಗುಮಾರಿ ಎನ್ನುತ್ತಿದ್ದರು, ಹಾರ್ನ್ ಎಂದರೆ ಅವನಿಗೆ ಪ್ರಾಣ. ಒಂದು ಸ್ಟೇಷನ್ನಿಗೆ ಎರಡೇ ಸಲ ಎಂದು ಕಂಪನಿ ನಿಯಮ ಮಾಡಿದಾಗಿನಿಂದ ಅವನು ಸೊರಗಿ ಹೋಗಿದ್ದ. ಕಂಪನಿಯವನು ಚೀಲದ ಬಾಯಿ ಕಟ್ಟಿ, ಸ್ಕೂಟರ್ ಹತ್ತಿ ಹೊರಟೇಹೋದ.

ಅಷ್ಟರಲ್ಲಿ ಸ್ಟೇಷನ್ ಮಾಸ್ಟರ್ ಕೈಯಲ್ಲಿ, ಗಾಡಿ ಬಿಡುವ ಮುನ್ನ ತುಂಬಬೇಕಾದ ಪ್ರಯಾಣಪಟ್ಟಿ ಹಿಡಿದು ಓಡಿಬಂದರು. ಗಾಳಿ ಬೀಸಿದರೂ ಯಾರದೋ ಅನುಮತಿ ಕೇಳಬೇಕು ಎನ್ನುವಂಥ ಪುಕ್ಕಲು ಮನುಷ್ಯ.

“ಗಾಡಿ ಬಿಡೋಕಾಗಲ್ಲ ಕಣಮ್ಮಾ. ಇಲ್ಲಿ ನೋಡು, ‘ಗಾಡಿಯ ಮಾಲೀಕರು’ ಅಂತ ಒಂದು ಕಾಲಂ ಇದೆ. ಕಂಪನಿ ಆರ್ಡರಲ್ಲಿ ಹನ್ನೆರಡು ಗಂಟೆವರೆಗೆ ಅಂತಿದೆ. ಸರ್ಕಾರದ ಆರ್ಡರಲ್ಲಿ ಮೂರು ಗಂಟೆಯಿಂದ ಅಂತಿದೆ. ಈಗ ಹನ್ನೆರಡು ಆಗಿ ನಾಲ್ಕು ನಿಮಿಷ. ಈ ಗಾಡಿ ಯಾರದ್ದು?”

“ಯಾರದ್ದೋ ಒಬ್ಬರದ್ದು ಇರುತ್ತಲ್ಲ ಸಾರ್.”

“ಯಾರದ್ದೂ ಅಲ್ಲ. ಇಬ್ಬರಿಗೂ ಫೋನ್ ಮಾಡಿದೆ. ಕಂಪನಿಯವರು ನಮ್ಮದಲ್ಲ ಅಂದ್ರು. ಸರ್ಕಾರದವರು ಇನ್ನೂ ನಮ್ಮದಲ್ಲ ಅಂದ್ರು. ಕಾಲಂ ಖಾಲಿ ಬಿಟ್ರೆ ರೂಲ್ ಪ್ರಕಾರ ಅದು ಗಾಡೀನೇ ಅಲ್ಲ, ಹಳಿ ಮೇಲೆ ಬಿದ್ದಿರೋ ಅಡ್ಡಿ. ಅಡ್ಡಿ ಇದ್ರೆ ನಾನು ತೆಗೆಸಬೇಕು. ನಾಲ್ಕು ಬೋಗೀನ ಎಲ್ಲಿಗೆ ಅಂತ ತೆಗೆಸಲಿ?” ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅಷ್ಟರಲ್ಲಿ ನರ್ಸ್ ಇಳಿದುಬಂದು, “ನನ್ನ ವಾರ್ಡಲ್ಲಿ ರಾತ್ರಿಪಾಳಿಯವಳು ನಿಂತಲ್ಲೇ ನಿದ್ದೆ ಮಾಡ್ತಿದ್ದಾಳೆ, ಗಾಡಿ ಹೊರಡುತ್ತಾ ಇಲ್ವಾ?” ಎಂದಳು. ಬ್ಯಾಂಡಿನ ಮುಖಂಡ ಕಿಟಕಿಯಿಂದ ತಲೆ ಹಾಕಿ, ನಾವಿಲ್ಲದೆ ಮಂತ್ರಿಗಳು ಏನು ಕೇಳಿಸಿಕೊಂಡು ನಿಲ್ಲಬೇಕು ಎಂದ. ಆಗ ಮಾಸ್ಟರಿಗೆ ಇನ್ನೊಂದು ವಿಷಯ ಹೊಳೆದು ಮುಖ ಬಿಳಿಚಿಕೊಂಡಿತು. ಮಂತ್ರಿಗಳು ಬಾವುಟ ತೋರಿಸಬೇಕಾದ ಗಾಡಿಯೂ ಇದೇ. ಇದು ಹೋಗದಿದ್ದರೆ ಅವರು ಖಾಲಿ ಹಳಿಗೆ ಬಾವುಟ ಬೀಸಬೇಕಾಗುತ್ತದೆ.

“ಯಾರ ಹೆಸರಾದ್ರೂ ಬರೆದ್ರೆ ನಡೆಯುತ್ತಾ ಸಾರ್?” ಎಂದು ಕೇಳಿದಳು ಗಾರ್ಡಕ್ಕ.

“ಗಾಡಿ ಯಾರ ಸುಪರ್ದಿಯಲ್ಲಿದೆಯೋ ಅವರ ಹೆಸರು ಬರೀಬಹುದು ಅಂತ ರೂಲ್ ಇದೆ. ಆದ್ರೆ ಅಂಥವರು...”

ಗಾರ್ಡಕ್ಕ ಅವರ ಕೈಯಿಂದ ಪೆನ್ನು ತೆಗೆದುಕೊಂಡಳು. ಯಾಕೆ ತೆಗೆದುಕೊಂಡೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಗೊತ್ತಾಗಲಿಲ್ಲ. ಕಾಲಮಿನಲ್ಲಿ ತನ್ನ ಹೆಸರು ಬರೆದು, ಹೊತ್ತು ಹಾಕಿ, ಸಹಿ ಮಾಡಿ ಕಾಗದವನ್ನು ಮಾಸ್ಟರಿಗೆ ಕೊಟ್ಟಳು. ಅವರು ಅದನ್ನೊಮ್ಮೆ, ಅವಳ ಕೆಂಪು ಸ್ವೆಟರನ್ನೊಮ್ಮೆ ನೋಡಿದರು. ಕಾಲಂ ತುಂಬಿತ್ತು. ಅವರ ಎದೆಯ ಭಾರ ಇಳಿದು, ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ನಕ್ಕರು.

“ಹಾಗಾದ್ರೆ ಅಪ್ಪಣೆ ಕೊಡಿ, ಒಡತಿಯವರೇ,” ಎಂದು ಪಟ್ಟಿಯನ್ನು ಅವಳ ಕೈಗೇ ವಾಪಸ್ ಕೊಟ್ಟರು.

ಆ ಮಾತು ಕಿವಿಗೆ ಬಿದ್ದದ್ದೇ ಗಾರ್ಡಕ್ಕನ ತಲೆ ಗಿರ್ರೆಂದಿತು. ಸ್ವಂತಕ್ಕೆ ಒಂದು ಸೈಕಲ್ಲು, ಒಂದು ಹೊಲಿಗೆ ಯಂತ್ರ ಬಿಟ್ಟರೆ ಏನೂ ಇಲ್ಲದವಳಿಗೆ ನಿಂತ ನಿಲುವಿನಲ್ಲೇ ಒಂದು ರೈಲು ಬಂದುಬಿಟ್ಟಿತ್ತು. ಅವಳು ಪ್ಲಾಟ್‌ಫಾರಂ ಉದ್ದಕ್ಕೂ ನಡೆದು ಇಂಜಿನ್ ಹತ್ತಿರ ಹೋದಳು.

“ಲೋ ಕೂಗುಮಾರಿ, ಇವತ್ತು ನಿನಗೆ ಎಷ್ಟು ಸಲ ಬೇಕೋ ಅಷ್ಟು ಹಾರ್ನ್.”

“ಯಾರು ಹೇಳಿದ್ದಕ್ಕಾ?”

“ಮಾಲೀಕರು.”

ಅವನು ಒತ್ತಿದ ಹಾರ್ನ್‌ಗೆ ಸ್ಟೇಷನ್ ಚಾವಣಿಯ ಪಾರಿವಾಳಗಳೆಲ್ಲ ಎದ್ದುಹೋದವು. ಸುದ್ದಿ ಬೋಗಿಯಿಂದ ಬೋಗಿಗೆ ಹಬ್ಬಿತು. ಕಂಪನಿ ನಾಲ್ಕನೇ ಬೋಗಿಗೆ ಗಾಜಿನ ಬಾಗಿಲು ಹಾಕಿಸಿ ದುಬಾರಿ ಟಿಕೆಟ್ಟಿನವರಿಗೆಂದು ಬೀಗ ಜಡಿದಿತ್ತು. ಗಾರ್ಡಕ್ಕ ತನ್ನ ಬೀಗದ ಕೈಯಿಂದಲೇ ಅದನ್ನು ತೆಗೆದಳು. ಮಂಡಿನೋವಿನ ಮುದುಕರನ್ನು ಕರೆದು ಮೆತ್ತನೆ ಸೀಟಿನಲ್ಲಿ ಕೂರಿಸಿದಳು. ಎರಡನೇ ಬೋಗಿಯಲ್ಲಿ ಬಡಗಿಯೊಬ್ಬ ಒಡತಿಯ ಒಪ್ಪಿಗೆ ಕೇಳಿ, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಆರು ಕಿಟಕಿಗಳನ್ನು ಬಿಚ್ಚಿದ. ಐದು ವರ್ಷದ ಮೇಲೆ ಬೋಗಿಯೊಳಗೆ ಗಾಳಿ ಆಡಿತು. ಬ್ಯಾಂಡಿನವರು, ಮಂತ್ರಿಗಳಿಗೆಂದು ಕಾದಿಟ್ಟ ರಾಗವನ್ನು ಒಮ್ಮೆ ಇಲ್ಲೇ ನೋಡಿಬಿಡೋಣ ಎಂದು ತುತ್ತೂರಿ ಎತ್ತಿದರು.

ಗಾಡಿ ಹೊರಟು ಹತ್ತು ನಿಮಿಷಕ್ಕೆ ಗಾರ್ಡಕ್ಕ ಮಾಸ್ಟರಿಗೆ ಫೋನ್ ಮಾಡಿದಳು.

“ಸಾರ್, ಮುಂದಿನ ಹಳೇ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಬಹುದಾ?”

“ಹಳಿ ಖಾಲಿ ಇದೆ, ಪ್ಲಾಟ್‌ಫಾರಂ ಗಟ್ಟಿ ಇದೆ. ನನ್ನದೇನೂ ತಕರಾರಿಲ್ಲ. ನಿಲ್ಲಿಸೋದು ಬಿಡೋದು ಮಾಲೀಕರ ಇಷ್ಟ.”

“ಮಾಲೀಕರಿಗೆ ಇಷ್ಟ ಇದೆ ಸಾರ್.”

ಅತ್ತೆ ಎಂದಿನಂತೆ ಹಗ್ಗದ ಪಕ್ಕ ಸ್ಲೇಟು ಎತ್ತಿ ನಿಂತಿದ್ದಳು. ಗಾಡಿ ನಿಧಾನವಾಯಿತು. ಮತ್ತೂ ನಿಧಾನವಾಯಿತು. ಸ್ಲೇಟಿನ ಮೇಲಿದ್ದ ಇಡೀ ವಾಕ್ಯವನ್ನು ಗಾರ್ಡಕ್ಕ ಮೊದಲ ಸಲ ಪೂರ್ತಿ ಓದಿದಳು: ‘ಬರುವಾಗ ಸೂಜಿ ತಾ, ದಪ್ಪದ್ದು, ಹೋದ ಸಲದಂತೆ ಸಣ್ಣದು ತಂದರೆ ಎಸೆಯುತ್ತೇನೆ.’ ಗಾಡಿ ನಿಂತೇಬಿಟ್ಟಿತು. ಅತ್ತೆಯ ಕೈಯಿಂದ ಸ್ಲೇಟು ಜಾರಿತು.

“ಏನೇ ಇದು, ಕೆಟ್ಟುನಿಂತಿತಾ?” ಎಂದಳು ಅತ್ತೆ. “ನಾನು ಹೇಳಿದ್ದೆ, ಕಂಪನಿ ಗಾಡಿ ಒಂದಿನ ಕೆಟ್ಟು ನಿಲ್ಲುತ್ತೆ ಅಂತ.”

“ಕಂಪನಿದಲ್ಲ ಅತ್ತೆ.”

“ಸರ್ಕಾರದ್ದಾಯ್ತಾ? ಆಗಲೇ?”

“ಸರ್ಕಾರದ್ದೂ ಅಲ್ಲ. ನಂದು.”

ಅತ್ತೆ ಸೊಸೆಯ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಗಾರ್ಡಕ್ಕ ನಡೆದದ್ದನ್ನು ಹೇಳುವಷ್ಟರಲ್ಲಿ ಹಾರ್ನಿನ ಸದ್ದಿಗೆ ಬೀದಿಯೆಲ್ಲ ಎದ್ದು ಬಂದಿತ್ತು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡವರು, ಅರ್ಧ ಗಡ್ಡ ಕೆರೆಸಿಕೊಂಡವನು, ಅವನ ಹಿಂದೆ ಕತ್ತಿ ಹಿಡಿದ ಕ್ಷೌರಿಕ. ಎಲ್ಲಿಗೆ ಎಂದು ಕೇಳದೆಯೇ ಹತ್ತಿದರು. ನಿಂತ ಗಾಡಿಗೆ ಹತ್ತಬೇಕು ಎನ್ನುವುದಷ್ಟೇ ಅವರಿಗೆ ಗೊತ್ತಿತ್ತು. ಅತ್ತೆಯೊಬ್ಬಳು ಹತ್ತಲಿಲ್ಲ.

“ಟಿಕೆಟ್ ಎಲ್ಲಿ?” ಎಂದಳು.

“ಬೇಡ ಅತ್ತೆ, ಇವತ್ತು ಯಾರಿಗೂ ಕೇಳ್ತಿಲ್ಲ.”

“ನಲವತ್ತು ವರ್ಷ ಟಿಕೆಟ್ ಹರಿದುಕೊಟ್ಟವಳು ನಾನು. ಟಿಕೆಟ್ ಇಲ್ಲದೆ ಗಾಡಿ ಹತ್ತೋದಕ್ಕಿಂತ ನಡೆದುಕೊಂಡೇ ಹೋಗ್ತೀನಿ.” ಒಳಗೆ ಹೋಗಿ ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆ ಹರಿದು, ಅದರ ಬೆನ್ನಿಗೆ ದಿನ, ಹೊತ್ತು, ನಿಲ್ದಾಣದ ಹೆಸರು, ಹೋಗುವ ಊರು ಎಲ್ಲವನ್ನೂ ಮುತ್ತು ಪೋಣಿಸಿದಂತೆ ಬರೆದು ತಂದಳು. “ಒಡತಿ ಅಂದ್ಯಲ್ಲ, ತೂತು ಹಾಕು.”

ಗಾರ್ಡಕ್ಕ ತನ್ನ ಚೀಲದ ತಳದಲ್ಲಿ ಉಳಿದಿದ್ದ ಸರ್ಕಾರದ ಕಾಲದ ಪಂಚ್ ತೆಗೆದು ತೂತು ಹಾಕಿದಳು. ಅತ್ತೆ ಮೆತ್ತನೆ ಸೀಟಿನಲ್ಲಿ ಕೂತು, ಇದು ಅತಿ ಮೆತ್ತಗಾಯಿತು ಎಂದು ದೂರಿದಳು.

ಉಳಿದ ದಾರಿ ಹೇಗೆ ಕಳೆಯಿತೋ ಯಾರಿಗೂ ಸರಿಯಾಗಿ ನೆನಪಿಲ್ಲ. ಕ್ಷೌರಿಕ ಉಳಿದರ್ಧ ಗಡ್ಡವನ್ನು ಗಾಡಿಯಲ್ಲೇ ಮುಗಿಸಿದ. ತುತ್ತೂರಿಗೂ ಹಾರ್ನಿಗೂ ಸವಾಲ್ ಜವಾಬ್ ನಡೆಯಿತು. ಗಾರ್ಡಕ್ಕ ಬಾಗಿಲಲ್ಲಿ ನಿಂತು ನಗುತ್ತಲೇ ಇದ್ದಳು, ಕೆನ್ನೆ ನೋಯುವವರೆಗೂ. ನರ್ಸ್ ಎರಡಕ್ಕೆ ಹತ್ತು ನಿಮಿಷ ಇರುವಾಗಲೇ ಇಳಿದು ಆಸ್ಪತ್ರೆಯ ಕಡೆ ಓಡಿದಳು.

ಕೊನೆಯ ಸ್ಟೇಷನ್ನಿನಲ್ಲಿ ಗಾಡಿಯನ್ನು ನೋಡಿ ಮೊದಲು ಕಂಗಾಲಾದವನು ಅವಳ ಗಂಡ. ತೊಳೆಯಲು ಸಜ್ಜಾಗಿ ಪೈಪು ಹಿಡಿದು ನಿಂತವನು, ಎರಡನೇ ಬೋಗಿಯ ಕಿಟಕಿಗಳೆಲ್ಲ ತೆಗೆದಿರುವುದನ್ನೂ, ನಾಲ್ಕನೇ ಬೋಗಿಯಿಂದ ತನ್ನ ತಾಯಿ ಕೈ ಬೀಸುತ್ತಿರುವುದನ್ನೂ ಕಂಡು ನೀರನ್ನು ತನ್ನ ಕಾಲಿಗೇ ಬಿಟ್ಟುಕೊಂಡ. ಮೂರು ಹೊಡೆಯಿತು. ಮಂತ್ರಿಗಳು ಬಾವುಟ ಬೀಸಿದರು, ಬ್ಯಾಂಡಿನವರು ಅಷ್ಟು ಹೊತ್ತು ಊದಿ ದಣಿದಿದ್ದರೂ ಬಾರಿಸಿದರು, ಗಾಡಿ ಸರ್ಕಾರದ್ದಾಯಿತು.

ಮೂರೂಕಾಲಿಗೆ ಗಾರ್ಡಕ್ಕನನ್ನು ಸರ್ಕಾರದ ಅಧಿಕಾರಿ ಒಳಗೆ ಕರೆಸಿದರು. ಮೇಜಿನ ಮೇಲೆ ಪ್ರಯಾಣಪಟ್ಟಿ ಬಿದ್ದಿತ್ತು. ಇಷ್ಟು ಹೊತ್ತೂ ನೆಲ ಮುಟ್ಟದ ಅವಳ ಕಾಲು ಈಗ ಮುಟ್ಟಿತು.

“ಸರ್ಕಾರಿ ಕಾಗದದಲ್ಲಿ ರೈಲನ್ನ ನಿಮ್ಮ ಹೆಸರಿಗೆ ಬರ್ಕೊಂಡಿದ್ದೀರಿ,” ಎಂದರು ಅಧಿಕಾರಿ. “ಮುಚ್ಚಿಹೋದ ನಿಲ್ದಾಣದಲ್ಲಿ ನಿಲ್ಲಿಸಿದ್ದೀರಿ. ಏನು ಹೇಳ್ತೀರಿ?”

ಉತ್ತರ ಬಂದದ್ದು ಬಾಗಿಲಿನಿಂದ. ಅತ್ತೆ ಯಾರನ್ನೂ ಕೇಳದೆ ಒಳಗೆ ಬಂದು ಕುರ್ಚಿ ಎಳೆದುಕೊಂಡಿದ್ದಳು.

“ಮುಚ್ಚಿಹೋದದ್ದು ಅನ್ನಬೇಡಿ ಸ್ವಾಮಿ. ಐದು ವರ್ಷ ಒಂದೇ ಸಮನೆ ಒಬ್ಬನೂ ಟಿಕೆಟ್ ತಗೊಂಡು ಹತ್ತದೇ ಇದ್ರೆ ಮಾತ್ರ ನಿಲ್ದಾಣ ರದ್ದು. ಹಳೇ ರೂಲ್ ಪುಸ್ತಕ ತೆಗೆಸಿ ನೋಡಿ. ಐದು ವರ್ಷ ತುಂಬೋದು ಬರೋ ಗುರುವಾರಕ್ಕೆ. ಇವತ್ತು ನಾನು ಹತ್ತಿದ್ದೀನಿ. ಇಗೋ ಟಿಕೆಟ್, ಇಗೋ ತೂತು.”

ಅಧಿಕಾರಿ ಕ್ಯಾಲೆಂಡರ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಈ ಟಿಕೆಟ್ ನಡೆಯಲ್ಲ.”

“ಮಾಲೀಕರು ಒಪ್ಪಿದ ಟಿಕೆಟ್. ಯಾಕೆ ನಡೆಯಲ್ಲ? ಇವಳು ಮಾಲೀಕಳು ಅಲ್ಲ ಅಂತೀರಾದ್ರೆ, ಮತ್ತೆ ಮೂರು ಗಂಟೆ ಹೊತ್ತು ಅರವತ್ತು ಜನರನ್ನ ಹೊತ್ಕೊಂಡು ಓಡಿದ ಗಾಡಿ ಯಾರದ್ದು ಅಂತ ನೀವೇ ಬರೆದು ಕೊಡಿ. ಹೊರಗೆ ಪತ್ರಿಕೆಯವರು ಮಂತ್ರಿಗಳ ಫೋಟೋ ತೆಗೀತಾ ಇದ್ದಾರೆ, ಅವರಿಗೇ ಓದಿ ಹೇಳ್ತೀನಿ.”

ಅಧಿಕಾರಿ ಕಿಟಕಿಯಾಚೆ ನೋಡಿದರು. ಬರೆಯಲು ಎತ್ತಿದ ಪೆನ್ನನ್ನು ಕೆಳಗಿಟ್ಟರು. ರೂಲ್ ಪುಸ್ತಕ ತರಿಸಿದರು. ಓದಿದರು. ಅತ್ತೆಗೆ ಒಂದು ಲೋಟ ಚಹಾ ತರಲು ಹೇಳಿದರು. ಗಾರ್ಡಕ್ಕನಿಗೆ ಕೊನೆಗೆ ಸಿಕ್ಕಿದ್ದು ‘ಇನ್ನು ಮುಂದೆ ಹೀಗೆ ಮಾಡಬಾರದು’ ಎಂಬ ಒಂದು ಸಾಲಿನ ಎಚ್ಚರಿಕೆ. ಇನ್ನು ಮುಂದೆ ಮಾಡಬಾರದೆಂದರೆ ಮಾಡಿದ್ದು ಆಗಿದೆ ಎಂದಾಯಿತಲ್ಲ, ಅಷ್ಟು ಸಾಕು ಎಂದಳು ಅತ್ತೆ.

ಮರುವಾರದ ವೇಳಾಪಟ್ಟಿಯಲ್ಲಿ ಪುಟ್ಟ ನಿಲ್ದಾಣ ಸೇರಿಕೊಂಡಿತು. ಸರ್ಕಾರ ಬಂದದ್ದಕ್ಕೇ ಗಾಡಿ ನಿಂತಿತು ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದಳು. ಅದು ಮೊದಲು ನಿಂತಾಗ ಸರ್ಕಾರ ಇನ್ನೂ ಬಂದಿರಲಿಲ್ಲ ಎಂದು ಮಗ ನೆನಪಿಸಿದರೆ ಕಿವಿ ಕೇಳಿಸದವಳಂತೆ ಬೆಣ್ಣೆ ಹಚ್ಚುವಳು. ಪೈಪಿನ ನೀರಿನ ರಭಸ ಮೊದಲ ತಿಂಗಳಲ್ಲೇ ಇಳಿಯಿತು ಎಂದು ಅವನು ಗೊಣಗಿದ, ಅದೂ ಸುಳ್ಳಲ್ಲ.

ಮೊದಲ ದಿನ ಅಲ್ಲಿ ಒಂಬತ್ತು ಜನ ಹತ್ತಿದರು. ಹತ್ತನೆಯವಳೊಬ್ಬಳು ದೂರದಿಂದ ಚೀಲ ಎತ್ತಿ ಕೂಗುತ್ತಾ ಓಡಿಬರುತ್ತಿದ್ದಳು. ಗಾಡಿ ಆಗಲೇ ನಾಲ್ಕು ನಿಮಿಷ ತಡ. ಒಳಗಿಂದ ಯಾರೋ, ಇದಕ್ಕೇ ಹೇಳೋದು ಸರ್ಕಾರದ ಗಾಡಿ ಅಂತ ಎಂದರು. ಇನ್ಯಾರೋ, ಕಂಪನಿದಾಗಿದ್ರೆ ನಿಲ್ತಾನೇ ಇರಲಿಲ್ಲ ಎಂದರು. ಗಾರ್ಡಕ್ಕ ಇಬ್ಬರಿಗೂ ತಲೆಯಾಡಿಸಿ, ಬಾವುಟ ಕಂಕುಳಲ್ಲಿಟ್ಟುಕೊಂಡು, ಓಡಿಬರುವವಳ ಚೀಲ ಹಿಡಿಯಲು ಕೈ ಚಾಚಿದಳು.