ಐದಕ್ಕೆ ನಾಲ್ಕು

ಇನ್ನೊಂದೇ ಒಂದು ನಕ್ಷತ್ರ ಕೈತಪ್ಪಿದರೂ ಟ್ಯಾಕ್ಸಿ ಕಂಪನಿಯ ಆ್ಯಪ್ ಆ ಡ್ರೈವರನನ್ನು ಮನೆಗೆ ಕಳಿಸಲಿತ್ತು. ಪ್ರಯಾಣಿಕರು ಐದಕ್ಕೆ ಎಷ್ಟು ನಕ್ಷತ್ರ ಕೊಡುತ್ತಾರೋ ಅದರ ಸರಾಸರಿ ನಾಲ್ಕು ಪಾಯಿಂಟ್ ಆರಕ್ಕಿಂತ ಕೆಳಗಿಳಿಯುವಂತಿಲ್ಲ. ಅವನು ಸರಿಯಾಗಿ ಆ ಗೆರೆಯ ಮೇಲೆ ಕೂತಿದ್ದ. ಬೆಳಿಗ್ಗೆ ಒಬ್ಬರು ‘ರೇಡಿಯೊ ಕೆಟ್ಟಿದೆ’ ಎಂದು ಬರೆದು ಮೂರು ಕೊಟ್ಟಿದ್ದರು. ರೇಡಿಯೊ ಹಾಕಿರಲೇ ಇಲ್ಲ, ಹಾಡಿದ್ದು ಅವನೇ.

ಹಾಗಾಗಿ ಅಜ್ಜಿಯೊಬ್ಬರು ಹಿಂದಿನ ಸೀಟಿಗೆ ಹತ್ತಿದಾಗ ಬೆಣ್ಣೆಯಾದ.

“ಏಸಿ ಸಾಕಾಮ್ಮ? ಕಿಟಕಿ ಇಳಿಸ್ಲಾ? ನೀರು ಕೊಡ್ಲಾ?”

“ಮೊದಲು ಮುಂದೆ ನೋಡಪ್ಪ. ಕೆಂಪು ದೀಪ.”

ಆಕೆ ನಿವೃತ್ತ ಗಣಿತದ ಟೀಚರ್. ಅದು ತಿಳಿದದ್ದೇ ತಡ, ತನ್ನ ಮಗಳಿಗೆ ಭಿನ್ನರಾಶಿ ತಲೆಗೇ ಹತ್ತುತ್ತಿಲ್ಲ ಎಂದು ಅವನು ಗೋಳು ತೋಡಿಕೊಂಡ.

“ನಿನ್ನ ಬಿಟ್ಟು ಕಾರಲ್ಲಿ ನಾಲ್ಕು ಸೀಟು. ನಾನೊಬ್ಬಳು ಕೂತಿದೀನಿ. ಖಾಲಿ ಇರೋದೆಷ್ಟು ಪಾಲು?”

“ಮುಕ್ಕಾಲು... ಅಯ್ಯೋ, ಇಷ್ಟೇನಾ!”

ಅವನೂ ಸುಮ್ಮನಿರಲಿಲ್ಲ. ಯಾವ ಸಿಗ್ನಲ್ ಎಷ್ಟು ಸೆಕೆಂಡು, ಯಾವ ಗಲ್ಲಿಯಲ್ಲಿ ತೂರಿದರೆ ಎರಡು ತಪ್ಪಿಸಬಹುದು ಎಂದು ಲೆಕ್ಕ ಒಪ್ಪಿಸಿದ.

“ನೀನು ನನ್ನ ಕ್ಲಾಸಲ್ಲಿ ಇರಬೇಕಿತ್ತು ಕಣೋ!”

ಅವನ ಹೊಟ್ಟೆ ತಣ್ಣಗಾಯಿತು. ಐದು ಗ್ಯಾರಂಟಿ.

ಗೇಟಿನ ಮುಂದೆ ಕಾರು ನಿಂತಿತು. ಟೀಚರ್ ಕನ್ನಡಕ ಏರಿಸಿ, ಫೋನಿನಲ್ಲಿ ನಕ್ಷತ್ರಗಳನ್ನು ಒಂದೊಂದಾಗಿ ಒತ್ತಿ, ನಾಲ್ಕನೆಯದಕ್ಕೆ ನಿಲ್ಲಿಸಿ ಬೆರಳೆತ್ತಿದರು.

“ಟೀಚರ್, ಇನ್ನೊಂದು ಉಳೀತು.”

“ಉಳೀಲಿ. ಮೂವತ್ತೆರಡು ವರ್ಷ ಪೇಪರ್ ತಿದ್ದಿದೀನಿ. ಪೂರ್ತಿ ಅಂಕ ನನ್ನ ಹೆತ್ತ ಮಗಳಿಗೂ ಕೊಟ್ಟಿಲ್ಲ. ಐದಕ್ಕೆ ನಾಲ್ಕು ತಗೊಂಡವನು ಒಬ್ಬನೇ, ಈಗ ದೊಡ್ಡ ಡಾಕ್ಟರು.”

“ಕಂಪನೀಲಿ ನಾಲ್ಕು ಅಂದ್ರೆ ಫೇಲು ಟೀಚರ್. ನನ್ನ ಕೆಲಸ ಹೋಗುತ್ತೆ.”

“ಏನಂದೆ?” ಟೀಚರ್ ಹುಬ್ಬು ಗಂಟಿಕ್ಕಿದರು. “ಐದರಲ್ಲಿ ನಾಲ್ಕು ಪಾಲು ಅಂದ್ರೆ ನೂರಕ್ಕೆ ಎಂಬತ್ತು. ಎಂಬತ್ತು ತಗೊಂಡವರನ್ನ ಯಾರಾದ್ರೂ ಫೇಲ್ ಮಾಡ್ತಾರಾ? ಇಷ್ಟು ಹೊತ್ತು ಹೇಳಿಕೊಟ್ಟಿದ್ದೆಲ್ಲ ನೀರಲ್ಲಿ ಹೋಮ!”

ಬೆರಳು ಮೂರರ ಕಡೆ ಜಾರತೊಡಗಿತು.

“ಬೇಡ ಟೀಚರ್! ನಾಲ್ಕೇ ಇರಲಿ! ಕೈ ಮುಗೀತೀನಿ!”

“ಹಾಗೆ ಬಾ ದಾರಿಗೆ.” ಟೀಚರ್ ನಾಲ್ಕನ್ನೇ ಒತ್ತಿ ಕಳಿಸಿದರು.

ಮುಂದೆ ಸಿಕ್ಕಿಸಿದ್ದ ಅವನ ಫೋನು ಒಮ್ಮೆ ಕುಯ್ಯೆಂದು ಬೂದಿಬಣ್ಣಕ್ಕೆ ತಿರುಗಿತು. ‘ಪ್ರಿಯ ಪಾಲುದಾರರೇ, ನಿಮ್ಮ ಖಾತೆಯನ್ನು ಮುಚ್ಚಲಾಗಿದೆ. ಈ ಸಂದೇಶ ನಿಮಗೆ ಇಷ್ಟವಾಯಿತೇ?’ ಕೆಳಗೆ ಐದು ನಕ್ಷತ್ರಗಳಿದ್ದವು.

ಅವನು ಇಳಿದು ಟೀಚರಿಗೆ ಬಾಗಿಲು ತೆರೆದ.

“ನಡತೆ ಅಂದ್ರೆ ಇದು,” ಎಂದು ಅವರು ಅವನ ಬೆನ್ನು ತಟ್ಟಿದರು. “ನಿನ್ನಂಥವರಿಗೆ ಕೆಲಸದ ಚಿಂತೆ ಯಾಕಪ್ಪ?”