ಅರ್ನೆಸ್ಟವ್ವನ ಒಲೆ ಮುಂದೆ ಶಿವಕ್ಕ

ಶಿವಕ್ಕನವರಿಗೆ ಬಾಗಿಲು ತಟ್ಟುವ ಅಭ್ಯಾಸವೇ ಇರಲಿಲ್ಲ. ಎರಡು ದಿನ ಮೊದಲು ಫೋನ್ ಮಾಡದೆ ಒಡಹುಟ್ಟಿದವರ ಮನೆಗೂ ಹೋಗಲು ಹಿಂಜರಿಯುವ, ಅಮೆರಿಕದ ಕ್ಯಾರಿಯಂಥ ಊರಿನಲ್ಲಿ, ಹುಲ್ಲುಹಾಸಿನ ಅಂಚಿನಿಂದಲೇ "ಅದೀರೇನ್ರಿ?" ಎಂದು ಒಂದು ಕೂಗು ಹಾಕಿ, ಒಳಗಿನವರು ಉತ್ತರ ಹುಡುಕುವಷ್ಟರಲ್ಲಿ ಅವರು ಅಡುಗೆಮನೆಯ ನಡುವೆ ನಿಂತಿರುತ್ತಿದ್ದರು. ಮುಂಬಾಗಿಲು ಹಾಕಿದ್ದರೆ ಹಿಂಬಾಗಿಲು. ಅದೂ ಹಾಕಿದ್ದರೆ ಮನೆಯವರಿಗೆ ಮೈಯಲ್ಲಿ ಹುಷಾರಿಲ್ಲವೆಂದು ತಾವೇ ತೀರ್ಮಾನಿಸಿ, ರಾಲೆಯ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಮಗಳು ಪ್ರತಿಭಾಳನ್ನು ಸಂಜೆ ಕಳಿಸಿಯೇ ಬಿಡುತ್ತಿದ್ದರು. ನಮ್ಮ ಮನೆಗೂ ಹಾಗೆ ಎರಡು ಸಲ ಡಾಕ್ಟರು ಬಂದು ಹೋದದ್ದುಂಟು.

ಎಡಗಾಲನ್ನು ಒಂದಿಷ್ಟು ಹೊರಕ್ಕೆ ಎಸೆದು, ಯಾವುದೋ ಜಗಳಕ್ಕೆ ಹೊರಟವರ ಹಾಗೆ ಎದೆ ಮುಂದೆ ಮಾಡಿ ಅವರು ನಡೆಯುವ ರೀತಿಯನ್ನು ರಸ್ತೆಯ ಆ ತುದಿಯಿಂದಲೇ ಗುರುತಿಸಬಹುದಿತ್ತು. ಇಳಕಲ್ ಸೀರೆಯ ಮೇಲೆ ಅವರು ತೊಡುತ್ತಿದ್ದದ್ದು ಜಿಂಕೆ ಬೇಟೆಗೆ ಹೋಗುವವರ ದಪ್ಪ ಕ್ಯಾನ್ವಾಸ್ ಕೋಟು. ಎದೆಯ ಮೇಲೆ ತೋಟಾ ಸಿಕ್ಕಿಸುವ ಸಾಲು ಕುಣಿಕೆಗಳಿದ್ದವಲ್ಲ, ಅವುಗಳಲ್ಲಿ ಲವಂಗದ ಪೊಟ್ಟಣ, ಕನ್ನಡಕ, ಒಂದು ತುಂಡು ವಿಭೂತಿ. ಮೊಟ್ಟೆ ಹಾಕಿದ ಕೇಕನ್ನೂ ಬಾಯಿಗಿಡದ ವಿಜಾಪುರದ ಲಿಂಗಾಯತ ಹೆಂಗಸು, ಕೊರಳಲ್ಲಿ ಇಷ್ಟಲಿಂಗ, ಮೈಮೇಲೆ ಬೇಟೆಗಾರನ ಕೋಟು! ಕೇಳಿದರೆ, "ಬೆಚ್ಚಗೈತಿ. ಆತಲ್ಲ," ಎನ್ನುತ್ತಿದ್ದರು. ಈ 'ಆತಲ್ಲ' ಎಂಬುದು ಅವರ ಮಾತಿಗೆ ಹಾಕಿದ ಬೀಗ. ಅದು ಬಿದ್ದ ಮೇಲೆ ಆ ವಿಷಯದಲ್ಲಿ ಯಾರು ಏನು ಹೇಳಿದರೂ ಉಪಯೋಗವಿರಲಿಲ್ಲ.

ಕೋಟು ಕೊಟ್ಟವರು ಪಕ್ಕದ ಮನೆಯ ಮಿಸ್ ಅರ್ನೆಸ್ಟೀನ್. ಎಪ್ಪತ್ತೆಂಟು ವರ್ಷದ ವಿಧವೆ. ಹೊಸ ಬಡಾವಣೆ ಬರುವುದಕ್ಕೂ ಮೊದಲಿನ ಹಳೆಯ ಮರದ ಮನೆ ಅವರದು. ಕೋಟು ತೀರಿಹೋದ ಗಂಡನದು. ಡರ್ಹಮ್ ಕಡೆಯ ಹೆದ್ದಾರಿಯಲ್ಲಿದ್ದ ಒಂದು ಡೈನರ್‌ನಲ್ಲಿ, ಎಂದರೆ ಲಾರಿಯವರಿಗೂ ಹೊಗೆಸೊಪ್ಪಿನ ಗೋದಾಮಿನ ಆಳುಗಳಿಗೂ ಕಣ್ಣೆದುರೇ ಬೇಯಿಸಿ ಕೊಡುವ ಊಟದಂಗಡಿಯಲ್ಲಿ, ಮೂವತ್ತೊಂದು ವರ್ಷ ಕಾವಲಿಯ ಮುಂದೆ ನಿಂತಿದ್ದ ಜೀವ ಅದು. ಇಂಗ್ಲಿಷಿನ ನಲವತ್ತು ಮಾತು ಬಲ್ಲ ಶಿವಕ್ಕನಿಗೂ ಕನ್ನಡದ ಒಂದೂ ಮಾತು ತಿಳಿಯದ ಆಕೆಗೂ ಸ್ನೇಹವಾದದ್ದು ಬೆಂಕಿಯಿಂದ. ಮಗಳ ಮನೆಯ ಕರೆಂಟಿನ ಒಲೆಯಲ್ಲಿ ಜೋಳದ ರೊಟ್ಟಿ ಉಬ್ಬುತ್ತಿರಲಿಲ್ಲ. ಅರ್ನೆಸ್ಟೀನ್ ಮನೆಯಲ್ಲಿ ಗ್ಯಾಸಿನ ನೀಲಿ ಉರಿ ಇತ್ತು. ಅದು ಕಣ್ಣಿಗೆ ಬಿದ್ದ ದಿನವೇ ಶಿವಕ್ಕ ತಮ್ಮ ಹಂಚು, ಹಿಟ್ಟಿನ ಡಬ್ಬಿ ಹೊತ್ತುಕೊಂಡು ಒಳಗೆ ನುಗ್ಗಿದರು. ಅಂದಿನಿಂದ ವಾರಕ್ಕೆರಡು ಸಲ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಅರ್ನೆಸ್ಟೀನ್ ತಮ್ಮ ದೊಡ್ಡ ಕಬ್ಬಿಣದ ಕಾವಲಿಯನ್ನು ಮುಂದೆ ಮಾಡಿದರೆ ಮಾತ್ರ ಶಿವಕ್ಕ ಕೈ ಹಿಂದೆಳೆದುಕೊಳ್ಳುತ್ತಿದ್ದರು. ಅದರ ಮೇಲೆ ಏನೇನು ಬೆಂದಿದೆಯೆಂದು ಅವರಿಗೆ ಗೊತ್ತಿತ್ತು. ಆಕೆಯನ್ನು ಅವರು ಕರೆಯುತ್ತಿದ್ದದ್ದು 'ಅರ್ನೆಸ್ಟವ್ವ' ಎಂದು.

ತೊಂಬತ್ತಾರರ ಸೆಪ್ಟೆಂಬರಿನಲ್ಲಿ ಫ್ರಾನ್ ಚಂಡಮಾರುತ ಬಂದು ಹೋಯಿತು. ಅಂಗಳದಲ್ಲಿ ಬಿದ್ದ ಕೊಂಬೆಯನ್ನು ಎಳೆಯಹೋಗಿ ಅರ್ನೆಸ್ಟೀನ್ ಜಾರಿ ಬಿದ್ದು, ಸೊಂಟದ ಮೂಳೆಯನ್ನೂ ಬಲ ಮಣಿಕಟ್ಟನ್ನೂ ಮುರಿದುಕೊಂಡರು. ಅಕ್ಟೋಬರಿನಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದಾಗ ತೂಕ ತೊಂಬತ್ತಾರು ಪೌಂಡು. ಕೈಗೆ ಪ್ಲಾಸ್ಟರು, ಊಟದ ಮೇಲೆ ಜುಗುಪ್ಸೆ. ಚರ್ಚಿನವರು ತಂದಿಟ್ಟ ಡಬ್ಬಿಗಳು ಮುಚ್ಚಳ ತೆರೆಯದೆ ಫ್ರಿಜ್ಜಿನಲ್ಲಿ ಸಾಲುಗಟ್ಟಿದವು. ಅಟ್ಲಾಂಟಾದಿಂದ ಆಕೆಯ ಮಗಳು ಬಂದು ನೋಡಿ ಅತ್ತು, ಕಣ್ಣೊರೆಸಿಕೊಂಡು ಖಡಾಖಂಡಿತವಾಗಿ ಹೇಳಿದಳು: ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ನೂರೈದು ಪೌಂಡು ಆಗದಿದ್ದರೆ ಮನೆ ಮಾರಿ ತಾಯಿಯನ್ನು ಅಟ್ಲಾಂಟಾದ ವೃದ್ಧಾಶ್ರಮಕ್ಕೆ ಸೇರಿಸುವುದೇ ಸರಿ. ಅರ್ನೆಸ್ಟೀನ್ ಗೋಡೆ ಕಡೆ ಮುಖ ತಿರುಗಿಸಿ ಮಲಗಿದರು.

ಶಿವಕ್ಕ ಗಂಜಿ ಕಾಯಿಸಿದರು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರು. ಆಕೆ ಎರಡು ತುತ್ತು ನುಂಗಿ ತಲೆಯಾಡಿಸುತ್ತಿದ್ದರು. ಏನು ಬೇಕು ಹೇಳಿ ಎಂದು ಪ್ರತಿಭಾ ಕೇಳಿದಾಗ ಬಂದ ಉತ್ತರ ಒಂದೇ: "ನನ್ನ ಬರ್ಗರ್. ಅಂಗಡಿಯದಲ್ಲ, ನಾನು ಮಾಡುತ್ತಿದ್ದದ್ದು." ಆ ಡೈನರ್ ಅನ್ನು ಹೆದ್ದಾರಿ ಅಗಲ ಮಾಡುವಾಗಲೇ ಕೆಡವಿದ್ದರು. ಪ್ರತಿಭಾ ಬೇರೆ ಕಡೆಯಿಂದ ತಂದದ್ದನ್ನು ಆಕೆ ಮೂಸಿ ನೋಡಿ ಪಕ್ಕಕ್ಕಿಟ್ಟರು.

ಮರುದಿನ ಬೆಳಿಗ್ಗೆ ಶಿವಕ್ಕನ ಲಿಂಗಪೂಜೆ ಎಂದಿಗಿಂತ ಅರ್ಧ ಗಂಟೆ ಹೆಚ್ಚು ನಡೆಯಿತು. ಎದ್ದು ಬಂದವರು ಮಗಳಿಗೆ ಹೇಳಿದರು, "ಬರೋವಾಗ ಆ ಕೈಮಾ ಒಂದು ಪೌಂಡ್ ತಗೊಂಡು ಬಾ."

"ಅವ್ವಾ, ನಿನಗ ತಲಿ ಕೆಟ್ಟೈತೇನು? ಅದು ದನದ್ದು."

"ಗೊತ್ತೈತಿ. ಶಿವನ್ನ ಕೇಳೀನಿ, ಅವ ಏನೂ ಅನ್ನಲಿಲ್ಲ. ಬ್ಯಾಡ ಅನ್ನೂದಿದ್ರ ಅಂದಿರ್ತಿದ್ದ. ನೀ ತರ್ತೀಯೋ, ನಾನ ನಡಕೋತ ಹೋಗಲೋ?"

ಕಾಲುದಾರಿಯಿಲ್ಲದ ಆ ಹೆದ್ದಾರಿಯಂಚಿನಲ್ಲಿ ಬೇಟೆಯ ಕೋಟು ತೊಟ್ಟ ತಾಯಿ ಕಾರುಗಳ ನಡುವೆ ನಡೆದು ಹೋಗುವ ದೃಶ್ಯ ಪ್ರತಿಭಾಳ ಕಣ್ಣಿಗೆ ಕಟ್ಟಿರಬೇಕು. ಅವಳು ತಂದುಕೊಟ್ಟಳು.

ಆ ಕೆಲಸಕ್ಕೆಂದೇ ಒಂದು ಹಳೆಯ ಸೀರೆಯನ್ನು ಶಿವಕ್ಕ ಅರ್ನೆಸ್ಟವ್ವನ ಮನೆಯಲ್ಲೇ ಇಟ್ಟರು. ಅದನ್ನು ಉಟ್ಟು, ಬಾಯಿಗೊಂದು ಲವಂಗ ಹಾಕಿಕೊಂಡು, ಲಿಂಗವನ್ನು ಕೊರಳಿಂದ ತೆಗೆಯುವಂತಿಲ್ಲವಾದ್ದರಿಂದ ಅದರ ಕರಡಿಗೆಯನ್ನು ಬೆನ್ನಿನ ಕಡೆಗೆ ಸರಿಸಿದರು. "ಸ್ವಲ್ಪ ಹೊತ್ತು ಆ ಕಡಿ ನೋಡ್ಲಿ," ಎಂದರಂತೆ. ಪೊಟ್ಟಣ ಬಿಚ್ಚಿ ಮತ್ತೆ ಮುಚ್ಚಿದರು. ಒಮ್ಮೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಬಂದರು. ಆಮೇಲೆ ಎರಡೂ ಕೈ ಹಾಕಿದರು. ನಲವತ್ತು ವರ್ಷ ರೊಟ್ಟಿ ಬಡಿದ ಕೈಗಳು ಅವು. ನಾದದೆ ಏನೂ ಒಂದುಗೂಡದು ಎಂಬುದು ಅವುಗಳ ಅಚಲ ನಂಬಿಕೆ. ಉಪ್ಪು ಬೆರೆಸಿ, ಬಿಸಿನೀರು ಚಿಮುಕಿಸಿ, ಅಂಗೈಯ ಬುಡದಿಂದ ಒತ್ತಿ ಒತ್ತಿ, ಮಡಿಸಿ ಮಡಿಸಿ, ಹತ್ತು ನಿಮಿಷ ನಾದಿ, ಜೋಳದ ಹಿಟ್ಟಿನಷ್ಟೇ ನುಣ್ಣಗಾದ ಮೇಲೆ ಚಂದ್ರನಂಥ ದುಂಡಗಿನ ಬಿಲ್ಲೆ ತಟ್ಟಿ ಕಾವಲಿಗೆ ಹಾಕಿದರು. ಅದು ಕುಗ್ಗಿ, ಬೆನ್ನು ಬಾಗಿಸಿ, ಚಪ್ಪಲಿಯ ಅಟ್ಟೆಯಾಗಿ ಕೂತಿತು. ಅರ್ನೆಸ್ಟೀನ್ ಅಗಿದರು, ಅಗಿದರು, ಕೊನೆಗೆ ಕಾಗದದ ಕರವಸ್ತ್ರದಲ್ಲಿ ಮೆಲ್ಲನೆ ಉಗುಳಿದರು.

"ಚಿನ್ನಾ, ಈ ದನ ನಿನಗೆ ಏನು ಕೇಡು ಮಾಡಿತ್ತು?" ಎಂದರು.

ಪ್ರತಿಭಾ ಇದನ್ನು ಕನ್ನಡಕ್ಕೆ ತರಲು ತಡವರಿಸಿದಳು. ಹೇಳಿದ ಮೇಲೆ ಶಿವಕ್ಕನಿಗೆ ನಗು ತಡೆಯಲಾಗಲಿಲ್ಲ; ಆಸ್ಪತ್ರೆಯಿಂದ ಬಂದ ಮೇಲೆ ಅರ್ನೆಸ್ಟೀನ್ ನಕ್ಕದ್ದೂ ಅಂದೇ ಮೊದಲು. ಆ ನಗುವೇ ಆಕೆಯನ್ನು ಹಾಸಿಗೆಯಿಂದ ಎಬ್ಬಿಸಿತೋ, ಮೂವತ್ತೊಂದು ವರ್ಷದ ಕಸುಬು ಕಣ್ಣೆದುರೇ ಕೆಡುವುದನ್ನು ಸಹಿಸದ ಸಿಟ್ಟು ಎಬ್ಬಿಸಿತೋ ತಿಳಿಯದು. ಮರುದಿನದಿಂದ ವಾಕರ್ ಹಿಡಿದು ಬಂದು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಗುರುವಿನ ಪಾಠ ಚಿಕ್ಕದು: ನಾದಬೇಡ, ಉಪ್ಪು ಮೊದಲೇ ಹಾಕಬೇಡ, ಸಡಿಲವಾಗಿ ಗುಡ್ಡೆ ಮಾಡಿ ಕಾದ ಕಬ್ಬಿಣದ ಮೇಲಿಡು, ಸಟ್ಟುಗದಿಂದ ಒಮ್ಮೆ, ಒಮ್ಮೆ ಮಾತ್ರ, ಅಪ್ಪಚ್ಚಿಯಾಗುವಂತೆ ಒತ್ತು, ಆಮೇಲೆ ಸುಮ್ಮನೆ ನಿಲ್ಲು. ಕೇಳಲು ಸುಲಭ. ಆದರೆ ಕಾವಲಿಯ ಮೇಲಿರುವುದನ್ನು ಮುಟ್ಟದೆ ನಿಲ್ಲುವುದು ಶಿವಕ್ಕನ ಜಾಯಮಾನಕ್ಕೆ ಒಗ್ಗದ ಸಂಗತಿ. ಕೈ ತಾನಾಗಿ ಮುಂದೆ ಹೋಗುತ್ತಿತ್ತು, "ನೋ," ಎಂದು ಕುರ್ಚಿಯಿಂದ ಗುಡುಗು ಬರುತ್ತಿತ್ತು. ಕೊನೆಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಂತವರ ಹಾಗೆ ನಿಂತು ಕಲಿತರು.

ನಾಲಿಗೆಗೆ ಇಡದೆ ಅಡುಗೆ ಕಲಿಯುವುದೆಂದರೇನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಶಿವಕ್ಕ ಕಿವಿಯಿಂದ ಕಲಿತರು. ಒತ್ತಿದ ಕ್ಷಣ ಏಳುವ ಆರ್ಭಟ ಎಷ್ಟು ಹೊತ್ತಿಗೆ ತಗ್ಗುತ್ತದೆ, ಅಂಚು ಜಾಲರಿಯಾಗಿ ಕೆಂಪಾಗುವಾಗ ಸದ್ದು ಹೇಗೆ ಬದಲಾಗುತ್ತದೆ, ಯಾವಾಗ ಮಗುಚಿ ಈರುಳ್ಳಿ ಹರಡಿ ಚೀಸ್ ಹೊದಿಸಬೇಕು, ಆ ಕೊಬ್ಬಿನಲ್ಲೇ ಬನ್ನನ್ನು ಯಾವಾಗ ಬೋರಲು ಹಾಕಬೇಕು ಎಂಬುದೆಲ್ಲ ಎರಡು ವಾರದಲ್ಲಿ ಕೈವಶವಾಯಿತು. ಮೇಲೆ ಹಾಕುವ ಎಲೆಕೋಸಿನ ಪಚ್ಚಡಿ ಮಾತ್ರ ಮೊದಲ ದಿನವೇ ಗೆದ್ದಿತು. ಅಷ್ಟು ಎಳೆ ಎಳೆಯಾಗಿ ಹೆಚ್ಚಿದ್ದನ್ನು ಅರ್ನೆಸ್ಟೀನ್ ಜನ್ಮದಲ್ಲಿ ನೋಡಿರಲಿಲ್ಲ. ಉಳಿದದ್ದಕ್ಕೆಲ್ಲ ಆಕೆಯ ಮುಖವೇ ಸಾಕ್ಷಿ. ಹುಬ್ಬು ಗಂಟಾದರೆ ಶಿವಕ್ಕ ತಟ್ಟೆಯನ್ನು ಮರುಮಾತಿಲ್ಲದೆ ಎತ್ತಿಕೊಂಡು ಮತ್ತೊಂದಕ್ಕೆ ಈರುಳ್ಳಿ ಹೆಚ್ಚುತ್ತಿದ್ದರು. ಕೆಲಸ ಮುಗಿದ ಮೇಲೆ ಮನೆಗೆ ಬಂದು ತಲೆಗೆ ಸ್ನಾನ, ಸಂಜೆಯ ಪೂಜೆ. ನವೆಂಬರಿನ ಚಳಿಯಲ್ಲೂ ಒಂದು ದಿನ ತಪ್ಪಿಸಲಿಲ್ಲ.

ಶುಕ್ರವಾರ ಶುಕ್ರವಾರ ನರ್ಸು ಬಂದು ತೂಕ ನೋಡುತ್ತಿದ್ದಳು. ತೊಂಬತ್ತೇಳು. ಮತ್ತೆ ತೊಂಬತ್ತೇಳು. ತೊಂಬತ್ತೊಂಬತ್ತು. ನೂರು ದಾಟಿದ ವಾರ ನಮ್ಮ ಕನ್ನಡ ಬಳಗದ ದೀಪಾವಳಿ ಊಟ. ಪ್ರತಿವರ್ಷ ಹೋಳಿಗೆ ಶಿವಕ್ಕನದು, ಅದಕ್ಕೆ ಸಾಲು ನಿಲ್ಲುತ್ತಿತ್ತು. ಆ ವರ್ಷ ಅಷ್ಟರಲ್ಲಿ ಅವರು ದನದ ಮಾಂಸ ಬೇಯಿಸುತ್ತಿರುವ ಸುದ್ದಿ ಎಲ್ಲರ ಕಿವಿಗೂ ಬಿದ್ದಿತ್ತು. "ಶುಗರ್ ಇದೆ ಆಂಟಿ," "ಡಯಟ್ ಮಾಡ್ತಿದೀನಿ ಆಂಟಿ," ಎನ್ನುತ್ತ ಒಬ್ಬೊಬ್ಬರೇ ಆ ತಟ್ಟೆಯನ್ನು ದಾಟಿ ಹೋದರು. ಹೊಟ್ಟೆ ತುಂಬಿದೆ ಎಂದು ಹೇಳಿ ದಾಟಿದವರಲ್ಲಿ ನಾನೂ ಒಬ್ಬ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಶಿವಕ್ಕ ನನ್ನ ಮುಖವನ್ನು ಒಮ್ಮೆ ನೋಡಿದರು, ತಟ್ಟೆಗೆ ಬಟ್ಟೆ ಮುಚ್ಚಿದರು, "ಆತಲ್ಲ," ಎಂದರು. ಮರುದಿನ ಹನ್ನೊಂದು ಗಂಟೆಗೆ ಎಂದಿನಂತೆ ಅರ್ನೆಸ್ಟವ್ವನ ಹಿತ್ತಿಲಲ್ಲಿ "ಅದೀರೇನ್ರಿ?" ಕೇಳಿಸಿತಂತೆ.

ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ದಿನ ಅಟ್ಲಾಂಟಾದಿಂದ ಮಗಳು ಬಂದಳು, ಕಾರಿನಲ್ಲಿ ಖಾಲಿ ಸೂಟ್‌ಕೇಸುಗಳೊಂದಿಗೆ. ನರ್ಸು ತೂಕ ನೋಡಿದಳು. ನೂರಾ ಮೂರು. ಎರಡು ಪೌಂಡು ಕಡಿಮೆ. ಅರ್ನೆಸ್ಟೀನ್ ತೂಕದ ಯಂತ್ರದಿಂದ ಇಳಿಯಲೇ ಇಲ್ಲ. ಇನ್ನೊಂದಿಷ್ಟು ಹೊತ್ತು ನಿಂತರೆ ಮುಳ್ಳು ಸರಿಯುವುದೇನೋ ಎಂಬಂತೆ ನೋಡುತ್ತ ನಿಂತರು. ಮಗಳು ಬಾಯಿ ತೆರೆಯುವಷ್ಟರಲ್ಲಿ ಒಲೆಯ ಕಡೆಯಿಂದ ಆರ್ಭಟ ಎದ್ದಿತು. ಶಿವಕ್ಕ ಅವರ ಕಡೆಗೆ ತಿರುಗಿಯೂ ನೋಡದೆ, ಕೈ ಬೆನ್ನಿಗೆ ಕಟ್ಟಿ ನಿಂತಿದ್ದರು. ಎರಡು ತಟ್ಟೆ ಮೇಜಿಗೆ ಬಂದವು. ಪ್ಲಾಸ್ಟರು ಬಿಚ್ಚಿದ ಕೈಯಿಂದ ಅರ್ನೆಸ್ಟೀನ್ ತಮ್ಮದನ್ನು ಪೂರ್ತಿ ಮುಗಿಸಿ, ಬೆರಳಿಗಂಟಿದ ಸಾಸಿವೆ ಗೊಜ್ಜನ್ನು ನೆಕ್ಕಿ, "ಇನ್ನೊಂದು," ಎಂದರು. ಮಗಳು ತನ್ನದನ್ನು ಒಂದು ಸಲ ಕಚ್ಚಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಶಾಲೆ ಬಿಟ್ಟ ಮೇಲೆ ಡೈನರ್‌ನ ಎತ್ತರದ ಸ್ಟೂಲಿನ ಮೇಲೆ ಕೂತು ತಾನು ತಿನ್ನುತ್ತಿದ್ದದ್ದು ಇದೇ ಎಂದಳು. ಸೂಟ್‌ಕೇಸುಗಳು ಕಾರಿನಿಂದ ಇಳಿಯಲಿಲ್ಲ. ಬೇಸಿಗೆಯವರೆಗೆ ನೋಡೋಣ ಎಂದಾಯಿತು.

ಹೊರಡುವ ಮುಂಚೆ ಆ ಮಗಳು ಪ್ರತಿಭಾಳ ಮೂಲಕ ಶಿವಕ್ಕನನ್ನು ಕೇಳಿದಳು: ಇಷ್ಟು ದಿನ ಮಾಡಿದಿರಲ್ಲ, ಒಮ್ಮೆಯೂ ರುಚಿ ನೋಡಬೇಕು ಅನ್ನಿಸಲಿಲ್ಲವೇ?

ಶಿವಕ್ಕ ಕಾವಲಿಯನ್ನು ಉಜ್ಜುತ್ತಿದ್ದರು. "ನಾ ಯಾಕ ನೋಡ್ಲಿ? ಹಸಿವು ಅಕೀದು," ಎಂದರು.

ವ್ರತನಿಷ್ಠರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತಾವು ಬಿಟ್ಟದ್ದನ್ನು ಲೋಕವೆಲ್ಲ ಬಿಡಲಿ ಎನ್ನುವವರು, ಬಿಡದವರ ಪಂಕ್ತಿಯಿಂದ ಎದ್ದು ಹೋಗುವವರು, ನನ್ನ ಹಾಗೆ ಹೊಟ್ಟೆ ತುಂಬಿದೆಯೆಂದು ಸುಳ್ಳು ಹೇಳುವವರು. ತಮ್ಮ ನೇಮವನ್ನು ಕೂದಲೆಳೆಯಷ್ಟೂ ಸಡಿಲಿಸದೆ, ಅದರ ಭಾರವನ್ನು ಇನ್ನೊಬ್ಬರ ತಟ್ಟೆಯ ಮೇಲೆ ಹಾಕದೆ, ಎದುರಿಗಿರುವವರ ಹಸಿವು ಯಾವುದೋ ಅದನ್ನೇ ಬೇಯಿಸಿ ಬಡಿಸಿ, ಆಮೇಲೆ ತಮ್ಮ ಪಾಡಿಗೆ ಸ್ನಾನಕ್ಕೆ ಹೋಗುವ ಜನ ಬೇರೆ. ಅವರು ಧರ್ಮದ ಮಾತೇ ಆಡುವುದಿಲ್ಲ, ಅದಕ್ಕೇ ನಮಗೆ ಅವರ ಗುರುತು ಹತ್ತುವುದು ತಡವಾಗಿ.