ಹೊಗೆಗೆ ದಾರಿ ಹುಡುಕಿದ ಶೌಕತ್ ಅಲಿ

ಕೊಳವೆಯಾಕಾರದ ಯಾವ ವಸ್ತು ಕೈಗೆ ಸಿಕ್ಕರೂ ಶೌಕತ್ ಅಲಿಯವರು ಅದನ್ನು ಬಾಯಿಗಿಟ್ಟು ಊದಿ ನೋಡದೆ ಕೆಳಗಿಟ್ಟವರಲ್ಲ. ಬಟ್ಟೆಯಂಗಡಿಯ ಥಾನಿನೊಳಗಿನ ರಟ್ಟಿನ ಕೊಳವೆ, ಕ್ಯಾಲೆಂಡರಿನ ಸುರುಳಿ, ಪಪ್ಪಾಯಿ ಎಲೆಯ ದಂಟು, ಒಮ್ಮೆ ನೆಂಟರ ಮದುವೆಯಲ್ಲಿ ವರನ ಕಡೆಯವರು ಅತ್ತರಿನ ಸೀಸೆ ಇಟ್ಟು ತಂದಿದ್ದ ಬೆಳ್ಳಿಬಣ್ಣದ ಡಬ್ಬಿ, ಎಲ್ಲಕ್ಕೂ ಅದೇ ಪರೀಕ್ಷೆ. ಒಂದು ತುದಿಯಿಂದ ಊದಿ, ಇನ್ನೊಂದು ತುದಿಗೆ ಅಂಗೈಯೊಡ್ಡಿ, ಉಸಿರು ಎಷ್ಟು ಬಿಸಿಯಾಗಿ ಬಂತು, ಎಷ್ಟು ತಣಿದು ಬಂತು ಎಂದು ಕಣ್ಣು ಮುಚ್ಚಿ ಧ್ಯಾನಿಸುವ ಆ ಗಂಭೀರ ಮುದ್ರೆಯನ್ನು ಕಂಡು ಚಿತ್ರದುರ್ಗದ ಪೇಟೆಯವರು ಮೊದಮೊದಲು ನಕ್ಕರು. ಆಮೇಲೆ ಖಾಲಿ ಕೊಳವೆಗಳನ್ನು ಅವರಿಗೆಂದೇ ಎತ್ತಿಡತೊಡಗಿದರು.

ಎತ್ತರದ, ಒಣಕಲು ಮೈಯ ಮನುಷ್ಯ. ಹಿರಿಯೂರಿನ ತರಬೇತಿ ಶಾಲೆಯೊಂದರಲ್ಲಿ ಫಿಟ್ಟರ್ ವಿಭಾಗದ ಬೋಧಕರಾಗಿದ್ದು ನಿವೃತ್ತರಾದ ಮೇಲೂ ಅಲ್ಲಿಯ ಬೂದುಬಣ್ಣದ ಕೋಟನ್ನು ಅವರು ಬಿಡಲಿಲ್ಲ. ಅದರ ತೋಳುಗಳ ತುಂಬ ಕಿಡಿ ತಾಗಿದ ಸಣ್ಣ ಸಣ್ಣ ತೂತುಗಳು. ತಲೆಯನ್ನು ಹಿಂದಕ್ಕೆ ವಾಲಿಸಿ, ಆಕಾಶದ ಕಡೆಗೇ ದೃಷ್ಟಿ ನೆಟ್ಟು ನಡೆಯುವ ಅವರಿಗೆ ಎದುರು ಬಂದ ಪರಿಚಿತರು ಕಾಣುತ್ತಿರಲಿಲ್ಲ. ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದು ಮಾತ್ರ ತಪ್ಪದೆ ಕಾಣುತ್ತಿತ್ತು. ಯಾರು ಏನೇ ಹೇಳಲಿ, "ಅದಲ್ಲ ವಿಷ್ಯ" ಎಂದು ಕೈ ಅಡ್ಡ ಹಿಡಿದೇ ಅವರ ಉತ್ತರ ಶುರುವಾಗಬೇಕು. ಹೆಂಡತಿ ಊಟಕ್ಕೆ ಕರೆದರೂ ಅದೇ.

ಈ ಗೀಳನ್ನು ಅವರಿಗೆ ಅಂಟಿಸಿದವನು ಅಣ್ಣನ ಮಗ ತಾಬಿಶ್. ಹೊಸದುರ್ಗದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಅವನು, ನಿವೃತ್ತರಾದ ಚಿಕ್ಕಪ್ಪ ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಿರುವುದನ್ನು ನೋಡಲಾರದೆ, ಮಾದರಿ ರಾಕೆಟ್ಟಿನ ಕಿಟ್ಟೊಂದನ್ನು ತರಿಸಿಕೊಟ್ಟ. ರಟ್ಟಿನ ಒಡಲು, ಹಗುರ ಮರದ ರೆಕ್ಕೆಗಳು, ಚೂಪು ಮೂತಿ. ಬುಡದ ಮೋಟಾರು ಉರಿದು ಅದನ್ನು ಮೇಲಕ್ಕೊಯ್ಯುತ್ತದೆ. ಎತ್ತರ ತಲುಪಿದ ಮೇಲೆ ಅದೇ ಮೋಟಾರಿನ ತಲೆಯಲ್ಲಿರುವ ಚಿಟಿಕೆ ಮದ್ದು ಸಿಡಿದು, ಬಿಸಿ ಅನಿಲ ಒಡಲೊಳಗೆ ಮೇಲ್ಮುಖವಾಗಿ ನುಗ್ಗಿ, ಮೂತಿಯನ್ನು ಕಳಚಿ ಪ್ಯಾರಾಚೂಟನ್ನು ಹೊರದಬ್ಬುತ್ತದೆ. ಆ ಅನಿಲದ ಶಾಖಕ್ಕೆ ಬಟ್ಟೆ ಸುಡಬಾರದೆಂದು, ಪ್ಯಾರಾಚೂಟಿನ ಕೆಳಗೆ ಬೆಂಕಿ ಹತ್ತದ, ಹೆಚ್ಚೆಂದರೆ ಕಂದುವ ತೆಳುಕಾಗದವನ್ನು ಉಂಡೆಮಾಡಿ ತುರುಕುವುದು ಎಲ್ಲರೂ ಅನುಸರಿಸುವ ಕ್ರಮ.

ಶೌಕತ್ ಅಲಿಯವರಿಗೆ ಈ ತುರುಕುವಿಕೆ ವಿದ್ಯೆಗೆ ಮಾಡಿದ ಅವಮಾನವಾಗಿ ತೋರಿತು. ಬೆಂಕಿಗೆ ಅಡ್ಡ ನಿಲ್ಲುವುದಲ್ಲ, ಅದಕ್ಕೆ ದಾರಿ ಮಾಡಿಕೊಡಬೇಕು ಎಂಬುದು ಅವರ ಸಿದ್ಧಾಂತ. ಒಡಲೊಳಗೆ ಅರ್ಧಚಂದ್ರಾಕೃತಿಯ ತಗಡುಗಳನ್ನು ಎಡಕ್ಕೊಂದು ಬಲಕ್ಕೊಂದು ಕೂರಿಸಿದರೆ ಅನಿಲ ಅಂಕುಡೊಂಕಾಗಿ ಹರಿಯುತ್ತದೆ, ತಿರುವಿನಲ್ಲೆಲ್ಲ ಕಿಡಿ ಉದುರಿಸಿ ಶಾಖ ಕಳೆದುಕೊಂಡು, ಕೊನೆಗೆ ಬರಿಯ ಗಾಳಿಯಾಗಿ ಬಂದು ಪ್ಯಾರಾಚೂಟನ್ನು ಎತ್ತುತ್ತದೆ. ಹೀಗೆಂದು ಅವರು ನಂಬಿದರು. ನಂಬಿ, ಕಿಟ್ಟಿನ ಮೇಲೆ ಕಿಟ್ಟು ತರಿಸಿ, ಪ್ಯಾರಾಚೂಟಿನ ಮೇಲೆ ಪ್ಯಾರಾಚೂಟು ಸುಟ್ಟರು.

ಆ ಪ್ಯಾರಾಚೂಟುಗಳನ್ನು ಹೊಲಿಯುತ್ತಿದ್ದವರು ಹೆಂಡತಿ ತಾಜ್ ಬೀ. ಕಿಟ್ಟಿನೊಡನೆ ಬರುವ ಪ್ಲಾಸ್ಟಿಕ್ ಹಾಳೆ ಗಂಡನಿಗೆ ಒಗ್ಗದೆಂದು, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆಯಲ್ಲಿ ರೇಷ್ಮೆಯ ತುಂಡುಗಳನ್ನು ಕೂಡಿಸಿ, ಅಂಚು ಮಡಿಚಿ, ದಾರ ಕಟ್ಟಿಕೊಡುತ್ತಿದ್ದರು. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಬಳಿ ಪರಿಚಯದ ರೈತ ಪರಮೇಶನ ಹೊಲವೇ ಶೌಕತ್ ಅಲಿಯವರ ಹಾರಾಟದ ಬಯಲು. ಅಲ್ಲಿಂದ ಗಂಡ ಸುಟ್ಟ ಬಟ್ಟೆ ಹಿಡಿದು ಬರುವುದು, ತಾಜ್ ಬೀ ಮಾತಿಲ್ಲದೆ ಅದನ್ನು ತೆಗೆದುಕೊಂಡು ಮತ್ತೊಂದಕ್ಕೆ ಕತ್ತರಿ ಹಿಡಿಯುವುದು ಆ ಮನೆಯ ರೂಢಿಯಾಗಿಹೋಯಿತು. ಮನೆಯಲ್ಲಿ ಆಡುವುದು ಉರ್ದು. ಆದರೆ ಹೊಸದುರ್ಗದ ಕಡೆ ಬೆಳೆದ ತಾಜ್ ಬೀಗೆ ಮನಸ್ಸಿನ ಮಾತು ಕನ್ನಡದಲ್ಲೇ ಬರುವುದು. ಒಮ್ಮೆ ಮಾತ್ರ ಕೇಳಿದ್ದರು: "ಒಂದ್ಸಲ ಕಾಗ್ದ ಇಟ್ರೆ ನಿಮ್ಮ ಗಂಟೇನು ಹೋಗ್ತೈತೆ?" ಅದಲ್ಲ ವಿಷ್ಯ ಎಂದು ಶೌಕತ್ ಅಲಿ ಕೈ ಅಡ್ಡ ಹಿಡಿದರು.

ಕೆಳಗೆ ತಗಡುಗಳಿಗೊಂದು, ಮೇಲೆ ಪ್ಯಾರಾಚೂಟಿಗೊಂದು ಎಂದು ಎರಡು ಕೋಣೆಗಳ ದೊಡ್ಡ ರಾಕೆಟ್ಟು ಸಿದ್ಧವಾದ ವರ್ಷ, ರಂಜಾನಿನ ಮಧ್ಯಾಹ್ನಗಳಲ್ಲಿ, ಉಪವಾಸದ ಬಾಯಿ ಒಣಗುತ್ತಿರುವಾಗ, ತಾಜ್ ಬೀ ಕಿತ್ತಳೆ ಬಣ್ಣದ ರೇಷ್ಮೆಯಲ್ಲಿ ದೊಡ್ಡ ಪ್ಯಾರಾಚೂಟೊಂದನ್ನು ಹೊಲಿದರು. ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ತಾಬಿಶನೂ ಸೇರಿ ಎಲ್ಲರೂ ಬಯಲಿಗೆ ಹೋದರು. ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಯೋಗೇಶ್, ಈ ಅನಿಲಮಾರ್ಗ ಫಲಿಸಿದರೆ ತಮ್ಮ ವಿದ್ಯಾರ್ಥಿಗಳಿಗೆ ಅದನ್ನೇ ಕಲಿಸೋಣವೆಂದು ಹೇಳಿ, ಆಸೆಯಿಂದ ಬಂದಿದ್ದರು. ತಾಜ್ ಬೀ ಬಯಲಿಗೆ ಬಂದದ್ದು ಅದೇ ಮೊದಲು. ತಾವೇ ಪ್ಯಾರಾಚೂಟು ಮಡಿಚಿ ಒಳಗಿಟ್ಟುಕೊಟ್ಟರು.

ಹಾರಾಟ ನಿರ್ವಿಘ್ನವಾಗಿ ನಡೆಯಿತು. ಎತ್ತರದಲ್ಲಿ ಟಪ್ ಎಂದು ಸಣ್ಣ ಸದ್ದು, ಮೂತಿ ಕಳಚಿತು, ಕಿತ್ತಳೆ ಕೊಡೆ ನೀಲಿಯಲ್ಲಿ ತುಂಬಿಕೊಂಡು ನಿಂತಿತು. ಕೊಯ್ಲಾದ ಮೆಕ್ಕೆಜೋಳದ ಕೂಳೆಗಳ ಮೇಲೆ ಅದು ಇಳಿದಾಗ ಯೋಗೇಶ್ ಕೈ ಕುಲುಕಿದರು. ಶೌಕತ್ ಅಲಿ ಓಡಿಹೋಗಿ ಒಡಲನ್ನು ಎತ್ತಿ ಅಲುಗಿಸಿದರು. ಒಳಗೆ ಸಿಕ್ಕಿಕೊಂಡಿದ್ದ ಕಾಗದದ ಉಂಡೆ ಅವರ ಕಾಲ ಬಳಿ ಬಿತ್ತು. ಮಡಿಚುವಾಗ ತಾಜ್ ಬೀ ಅದನ್ನು ತಳದಲ್ಲಿಟ್ಟಿದ್ದರು.

ಬಟ್ಟೆ ಉಳಿದದ್ದು ತಗಡುಗಳ ದಾರಿಯಿಂದಲೋ ಕಾಗದದಿಂದಲೋ, ಇನ್ನು ಹೇಳುವವರಾರು? ಶೌಕತ್ ಅಲಿ ಕಾಗದವನ್ನು ತಿರುಗಿಯೂ ನೋಡದೆ ಗಾಳಿಗೆ ಒದ್ದು, ಅಷ್ಟು ಜನರ ಮುಂದೆ ಹೆಂಡತಿಯ ಕಡೆ ತಿರುಗಿ, ತಗ್ಗಿದ ದನಿಯಲ್ಲೇ ಹೇಳಿದರು: "ಕಳ್ಳಿ. ನನ್ನ ಇಷ್ಟು ವರ್ಷದ್ದು ಕದ್ದೆ ನೀನು."

ತಾಜ್ ಬೀ ಬಗ್ಗಿ ಪ್ಯಾರಾಚೂಟಿನ ದಾರಗಳಿಗೆ ಸಿಕ್ಕಿದ್ದ ಕೂಳೆಗಳನ್ನು ಬಿಡಿಸಿ, ಮಡಿಚಿ, ತಾಬಿಶನ ಕೈಗೆ ಕೊಟ್ಟು, ಹೋಗಾಣ ನಡಿ ಎಂದರಂತೆ. ಮನೆಯಲ್ಲಿ ಅಡುಗೆ ನಡೆಯಿತು, ಮಾತು ನಿಂತಿತು. ಮಳೆಗಾಲ ಬರುವ ಹೊತ್ತಿಗೆ ಅಗತ್ಯದ ನಾಲ್ಕು ಮಾತು ಮರಳಿದವು. ಶೌಕತ್ ಅಲಿ ಅದನ್ನೇ ರಾಜಿಯೆಂದು ತಿಳಿದರು.

ಎಷ್ಟೋ ತಿಂಗಳ ಮೇಲೆ ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಪರಮೇಶ ಸಿಕ್ಕಿದ. ಲೋಕಾಭಿರಾಮವಾಗಿ ಅಂದ: "ಅವತ್ತಿನ ಕಾಗ್ದ ನಮ್ಮ ಬೇಲಿಗೆ ಸಿಕ್ಕಂಡಿತ್ತು ಸಾಹೇಬ್ರೆ. ಅಂಗಡಿಯಿಂದ ತಂದಂಗೆ ಬೆಳ್ಳಗೆ ಇತ್ತು. ಬಿಸಿ ತಾಗಿದ್ರೆ ಕಂದಬೇಕಿತ್ತಲ್ವಾ?"

ಶೌಕತ್ ಅಲಿ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದರು. ಕಾಗದಕ್ಕೆ ಬಿಸಿ ತಾಗಿಲ್ಲವೆಂದರೆ, ಅಲ್ಲಿಗೆ ತಲುಪುವ ಮೊದಲೇ ಅನಿಲ ತಣಿದಿತ್ತು, ದಾರಿ ಫಲಿಸಿತ್ತು. ಅವರು ಬಯಸಿದ್ದ ಪುರಾವೆ ಆ ಕಾಗದದಲ್ಲೇ ಇತ್ತು, ಅದನ್ನು ಒಳಗಿಟ್ಟವಳು ತಾಜ್. ಕೈಗೆ ಬಂದದ್ದನ್ನು ಅವರೇ ಒದ್ದಿದ್ದರು.

ಮನೆಗೆ ಬಂದು, ಅಕ್ಕಿ ಆರಿಸುತ್ತಿದ್ದ ಹೆಂಡತಿಯ ಎದುರು ಕುಳಿತು, ತಡವರಿಸುತ್ತ ಹೇಳಿದರು: "ಆ ಕಾಗ್ದ ಸುಟ್ಟಿರ್ಲಿಲ್ವಂತೆ, ತಾಜ್."

"ಗೊತ್ತು," ಎಂದರು ತಾಜ್ ಬೀ. "ನೀವು ಒದ್ದಾಗ್ಲೇ ನೋಡಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ತಾಜ್ ಬೀ ಮೊರದಿಂದ ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಟ್ಟರು. "ಕಳ್ಳಿ ಸಾಕ್ಷಿ ಯಾರಿಗ್ರಿ ಬೇಕು?"

ಅವರು ಕ್ಷಮೆ ಕೇಳಿದರು. ಆಕೆ ಕ್ಷಮಿಸಿದೆನೆಂದು ಹೇಳಿದ್ದು ಸುಳ್ಳಲ್ಲ. ಯೋಗೇಶರಿಗೆ ಫೋನು ಮಾಡಿ ಎಲ್ಲವನ್ನೂ ತಿಳಿಸಿದಾಗ, ಕಾಗದ ಕಣ್ಣೆದುರು ಇಲ್ಲದೆ ಏನು ಹೇಳಲೆಂದು ಅವರು ಮರ್ಯಾದೆಯಿಂದಲೇ ಸಂದೇಹಪಟ್ಟರು. ಮತ್ತೊಂದು ರಾಕೆಟ್ಟು ಕಟ್ಟಿ ತೋರಿಸಬಹುದಿತ್ತು. ಅದಕ್ಕೊಂದು ಪ್ಯಾರಾಚೂಟು ಹೊಲಿದುಕೊಡೆಂದು ಕೇಳಿದಾಗ, ತಾಜ್ ಬೀ ನೆರೆಮನೆಯವಳ ರವಿಕೆಗೆ ತೋಳು ಕೂಡಿಸುತ್ತ, ಕೋಪವಿಲ್ಲದ ದನಿಯಲ್ಲಿ, "ಪ್ಲಾಸ್ಟಿಕ್ಕಿಂದು ಕಿಟ್ಟಲ್ಲೇ ಬರ್ತಾವಲ್ಲ, ಅವೇ ಹಾಕ್ಕಳ್ರಿ" ಎಂದರು. ಅವುಗಳನ್ನೇ ಹಾಕಿ ಶೌಕತ್ ಅಲಿ ಈಗಲೂ ಆಗೀಗ ಹಾರಿಸುತ್ತಾರೆ. ಒಂದೂ ಸುಟ್ಟಿಲ್ಲ, ನೋಡಲು ಯಾರನ್ನೂ ಕರೆಯುವುದಿಲ್ಲ.

ತಮ್ಮ ವಿದ್ಯೆ ಸರಿಯೆಂದು ಲೋಕ ಒಪ್ಪಬೇಕೆಂದು ಹಂಬಲಿಸುವ ಇಂಥವರು ದುಷ್ಟರಲ್ಲ. ಶ್ರಮಕ್ಕೆ ಹಿಂಜರಿಯುವವರಲ್ಲ, ಸುಳ್ಳಾಡುವವರೂ ಅಲ್ಲ. ಒಂದು ಪುರಾವೆಗಾಗಿ ವರ್ಷಗಟ್ಟಲೆ ಕಾಯಬಲ್ಲ ಅವರ ತಾಳ್ಮೆ ಜೊತೆಯ ಮನುಷ್ಯರ ಪಾಲಿಗೆ ಮಾತ್ರ ಒಂದು ಗಳಿಗೆಯೂ ಉಳಿದಿರುವುದಿಲ್ಲ. ಕೆಟ್ಟ ಪ್ರಯೋಗವನ್ನು ಮತ್ತೆ ಮಾಡಬಹುದೆಂದು ಬಲ್ಲ ಅವರು, ಕೆಟ್ಟ ಮಾತನ್ನೂ ಹಾಗೆಯೇ ತಿದ್ದಬಹುದೆಂದು ಭಾವಿಸುತ್ತಾರೆ. ತಿದ್ದಲು ಬಂದಾಗ ಎದುರಿನವರು ಕ್ಷಮಿಸಿಯೇ ಇರುತ್ತಾರೆ; ಅವರ ಜೊತೆ ಬಯಲಿಗೆ ಹೋಗುವುದನ್ನು ಮಾತ್ರ ಬಿಟ್ಟಿರುತ್ತಾರೆ.